ಸಂಜೆಯಾದ್ರೆ ನೆಟ್ ಸ್ಲೋ: ತೊಂದರೆ ಮನೆಯೊಳಗೋ, ಲೈನ್‌ನಲ್ಲೋ?

ಚಿಕ್ಕಬಳ್ಳಾಪುರ: ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆ, ಅಂಗಡಿಗಳಿಗೆ ಫೈಬರ್ ಬಂದಿದೆ. ಆದರೂ ಸಂಜೆ ಬಿಲ್ ಅಪ್‌ಲೋಡ್ ಮಾಡೋಕೆ ಕೂತರೆ ಚಕ್ರ ಸುತ್ತುತ್ತೆ. ಆಪರೇಟರ್‌ಗೆ ಫೋನ್ ಮಾಡಿದ್ರೆ ಸಾಮಾನ್ಯವಾಗಿ ಒಂದೇ ಉತ್ತರ: ‘ರೂಟರ್ ಆಫ್ ಮಾಡಿ ಆನ್ ಮಾಡಿ’.

ಅದಕ್ಕೂ ಮೊದಲು ಮನೆಯ ಬೇರೆ ಫೋನ್‌ಗಳ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಹಾಕಿ, ಬೆಳಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ ಸ್ಪೀಡ್ ಟೆಸ್ಟ್ ಮಾಡಬೇಕು. ಎರಡೂ ಹೊತ್ತು ಸರಿ ಇದ್ದರೆ ತಪ್ಪು ವೈಫೈನದ್ದು. ರೂಟರ್ ಕಬ್ಬಿಣದ ಬೀರು ಹಿಂದೆ ಇದ್ದರೆ ಇನ್ನೇನಾಗುತ್ತೆ? 200 ಎಂಬಿಪಿಎಸ್ ಪ್ಲಾನ್ ಇದ್ದೂ ಯಾವಾಗಲೂ 95ರ ಹತ್ತಿರವೇ ನಿಂತರೆ, ಪೋರ್ಟ್ 100ರದ್ದು ಅಥವಾ ಕೇಬಲ್ ಹಾಳು.

ರಾತ್ರಿ ಮಾತ್ರ ಬಿದ್ದರೆ ಕಥೆ ಬೇರೆ. ಜಿಪಾನ್ ಫೈಬರ್‌ನ ಒಂದು ಎಳೆಯಲ್ಲಿ ಬರುವ ಸುಮಾರು 2.5 ಗಿಗಾಬಿಟ್ಟನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಗಿರಾಕಿ ಹೆಚ್ಚಿದರೂ ಆಪರೇಟರ್ ಮೇಲಿನಿಂದ ಕೊಳ್ಳುವ ಬ್ಯಾಂಡ್‌ವಿಡ್ತ್ ಹೆಚ್ಚಿಸದಿದ್ದರೆ, ರೂಟರ್ ಎಷ್ಟು ಸಲ ಆಫ್ ಮಾಡಿದ್ರೂ ಅಷ್ಟೇ.

2023ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್‌ಗೆ ನಿಗದಿ ಮಾಡಿದ ಕನಿಷ್ಠ ವೇಗ ಬರೀ 2 ಎಂಬಿಪಿಎಸ್. 100ಕ್ಕೆ ದುಡ್ಡು ಕಟ್ಟಿದವರಿಗೆ ಅದು ಯಾವ ಆಸರೆ? ಎರಡು ಹೊತ್ತಿನ ಸ್ಕ್ರೀನ್‌ಶಾಟ್, ದೂರಿನ ಡಾಕೆಟ್ ನಂಬರ್ ಕೈಯಲ್ಲಿರಲಿ. ದೊಡ್ಡ ಕಂಪನಿಗಳಾದರೆ ಟ್ರಾಯ್ ನಿಯಮದಂತೆ ಅವುಗಳದ್ದೇ ಮೇಲ್ಮನವಿ ಪ್ರಾಧಿಕಾರಕ್ಕೂ ಹೋಗಬಹುದು.