ಬಾಯಿಪಾಠ ಸಾಕು, ಹುಡುಕಲು ಕಲಿಯೋಣ



ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಏನು ಮಾಡುತ್ತೇವೆ? ರೆಕಾರ್ಡ್ ಪುಸ್ತಕ ತೆರೆದು ಪ್ರೋಗ್ರಾಂಗಳನ್ನು ಸೆಮಿಕೋಲನ್ ಸಮೇತ ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೆಯೇ ಅಂಕ ಪಡೆದವಳು. ಆದರೆ ಕಳೆದ ರಜೆಯಲ್ಲಿ ಒಂದು ಚಿಕ್ಕ ಕೆಲಸ ನನ್ನ ಹೆಮ್ಮೆಯನ್ನು ಇಳಿಸಿತು.

ನಮ್ಮ ಮೊಹಲ್ಲಾದ ವಾಚನಾಲಯಕ್ಕೆ ಅಣ್ಣ ತನ್ನ ಕಾಲೇಜು ದಿನಗಳಲ್ಲಿ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಪುಸ್ತಕ ತಡವಾಗಿ ತಂದರೆ ದಿನಕ್ಕೆ 1 ರೂಪಾಯಿ ದಂಡ. ಅದನ್ನು 2 ರೂಪಾಯಿ ಮಾಡಬೇಕಿತ್ತು. "ನೀನೇ ಮಾಡು, ಕಂಪ್ಯೂಟರ್ ಸೈನ್ಸ್ ಓದುತ್ತೀಯಲ್ಲ" ಎಂದ. ನೋಡಿದರೆ ಮೂವತ್ತಕ್ಕೂ ಹೆಚ್ಚು ಫೈಲುಗಳು! ಒಂದೊಂದನ್ನೇ ತೆರೆದು ಓದುತ್ತಾ ಅಸರ್‌ನಿಂದ ಮಗ್ರಿಬ್‌ವರೆಗೆ ಕೂತೆ. ದಂಡದ ದರ ಸಿಗಲಿಲ್ಲ.

"ಭಾಯಿ, ನನ್ನಿಂದಾಗದು" ಎಂದಾಗ ಅಣ್ಣ ಟರ್ಮಿನಲ್ ತೆರೆದು 'ಗ್ರೆಪ್' ಎಂಬ ಕಮಾಂಡ್ ತೋರಿಸಿದ. ಇಂಗ್ಲಿಷಿನ ಜಿ, ಆರ್, ಇ, ಪಿ ಎಂಬ ನಾಲ್ಕು ಸಣ್ಣಕ್ಷರಗಳು. ಒಂದು ಪದ ಕೊಟ್ಟರೆ ಅದು ಇರುವ ಸಾಲುಗಳನ್ನೆಲ್ಲ ತೋರಿಸುತ್ತದೆ. ಹೈಫನ್ ಹಾಕಿ 'ಆರ್' ಸೇರಿಸಿದರೆ ಒಳಗಿನ ಫೋಲ್ಡರ್‌ಗಳಲ್ಲೂ ಹುಡುಕುತ್ತದೆ, 'ಎನ್' ಸೇರಿಸಿದರೆ ಸಾಲಿನ ಸಂಖ್ಯೆ ಹೇಳುತ್ತದೆ.

ನಾನು 'ಫೈನ್' ಎಂದು ಹುಡುಕಿದೆ. ಪರದೆ ತುಂಬ ಸಾಲುಗಳು! ಕಾರಣ ತಿಳಿದು ನಗು ಬಂತು: 'ಡಿಫೈನ್' ಎಂಬ ಪದದ ಸ್ಪೆಲಿಂಗ್‌ನೊಳಗೂ 'ಫೈನ್' ಇದೆಯಲ್ಲ! ಇಡೀ ಪದವನ್ನಷ್ಟೇ ಹುಡುಕಲು 'ಡಬ್ಲ್ಯೂ' ಸೇರಿಸಿದೆ. ಆರೇ ಸಾಲು ಉಳಿದವು. ಒಂದರಲ್ಲಿ, ದಿನಗಳ ಸಂಖ್ಯೆಯನ್ನು ದೊಡ್ಡಕ್ಷರದ 'ಫೈನ್'ನಿಂದ ಗುಣಿಸಲಾಗಿತ್ತು. ಸಿ ಕುಟುಂಬದ ಭಾಷೆಗಳಲ್ಲಿ ದೊಡ್ಡಕ್ಷರದ ಹೆಸರೇ ಬೇರೆ, ಸಣ್ಣಕ್ಷರದ ಹೆಸರೇ ಬೇರೆ. ದೊಡ್ಡಕ್ಷರದಲ್ಲಿ ಮತ್ತೆ ಹುಡುಕಿದೆ. ಒಂದು ಹೆಡರ್ ಫೈಲ್‌ನಲ್ಲಿ ಅದರ ಬೆಲೆ 1 ಎಂದು ಡಿಫೈನ್ ಮಾಡಿತ್ತು. ಅದನ್ನು 2 ಮಾಡಿ ಮತ್ತೆ ಕಂಪೈಲ್ ಮಾಡಿದೆ. ಕೆಲಸ ಮುಗಿಯಿತು.

ಈ ಗ್ರೆಪ್ ಹೊಸದೇನಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದದ್ದು. ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದ್ದೂ ಅಲ್ಲೇ, ಸುಮಾರು ಅದೇ ಕಾಲದಲ್ಲಿ. ಸಿ ಭಾಷೆಯನ್ನು ಕೇಳಿರುವ ನಮಗೆ ಅದರ ಜೊತೆಯಲ್ಲೇ ಬೆಳೆದ ಈ ಉಪಕರಣದ ಹೆಸರೇ ಗೊತ್ತಿಲ್ಲವೆಂದರೆ ಹೇಗೆ?

"ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವಲ್ಲ" ಎಂದು ಗೆಳತಿಯೊಬ್ಬಳು ಹೇಳಿದಳು. ನಿಜ. ಆದರೆ ನಾಳೆ ಕೆಲಸಕ್ಕೆ ಸೇರಿದಾಗ ಹತ್ತು ಸಾಲಿನ ಹೊಸ ಪ್ರೋಗ್ರಾಂ ಬರೆಯಿರಿ ಎಂದು ಯಾರೂ ಹೇಳುವುದಿಲ್ಲ. ಬೇರೆಯವರು ಬರೆದ ಸಾವಿರಾರು ಸಾಲುಗಳನ್ನು ಮುಂದಿಟ್ಟು, ತಪ್ಪು ಎಲ್ಲಿದೆ ನೋಡಿ ಎನ್ನುತ್ತಾರೆ. ಅಲ್ಲಿ ಬಾಯಿಪಾಠ ಕೈಹಿಡಿಯದು.

ಗ್ರೆಪ್ ಎಲ್ಲವನ್ನೂ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅಕ್ಷರ ಗೊತ್ತು, ಸಿ ಭಾಷೆ ಗೊತ್ತಿಲ್ಲ. ಕಾಮೆಂಟ್‌ನಲ್ಲಿರುವ ಪದವನ್ನೂ ಕೋಡ್‌ನಲ್ಲಿರುವ ಪದವನ್ನೂ ಒಂದೇ ಎಂದು ತೋರಿಸುತ್ತದೆ. ಯಾವ ಸಾಲು ಮುಖ್ಯ ಎಂದು ತೀರ್ಮಾನಿಸಬೇಕಾದವರು ನಾವೇ. ಅದಕ್ಕೇ ಇದು ಸೋಮಾರಿಗಳ ದಾರಿಯಲ್ಲ, ಯೋಚಿಸಲು ಕಲಿಸುವ ದಾರಿ ಎನ್ನುತ್ತೇನೆ.

ನಮ್ಮ ಉಪನ್ಯಾಸಕರಲ್ಲಿ ವಿನಂತಿ: ತಿಂಗಳಿಗೊಂದು ಲ್ಯಾಬ್ ಅವಧಿಯಲ್ಲಾದರೂ ನಮಗೆ ಒಂದು ದೊಡ್ಡ ಪ್ರೋಗ್ರಾಂ ಕೊಟ್ಟು, "ಇದರಲ್ಲಿ ಹುಡುಕಿ" ಎನ್ನಿ. ಗೆಳೆಯ ಗೆಳತಿಯರೇ, ಲ್ಯಾಪ್‌ಟಾಪ್ ಇಲ್ಲವೆಂದು ಸುಮ್ಮನಿರಬೇಡಿ. ಆಂಡ್ರಾಯ್ಡ್ ಫೋನ್‌ನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡರೆ ಅಲ್ಲೂ ಗ್ರೆಪ್ ಬಳಸಬಹುದು. ನಿಮ್ಮ ರೆಕಾರ್ಡ್‌ನ ಪ್ರೋಗ್ರಾಂಗಳನ್ನೇ ಒಂದು ಫೋಲ್ಡರ್‌ನಲ್ಲಿಟ್ಟು ಇಂದೇ ಹುಡುಕಿ ನೋಡಿ.