ಅಯಸ್ಕಾಂತ ಜಾರುವ ಗಳಿಗೆ

ಯಲಹಂಕದ ಹಳೇ ಊರಿನಲ್ಲಿ ನಮ್ಮಪ್ಪನ ಕುಲುಮೆ ಇತ್ತು. ಕುಡುಗೋಲಿನ ಅಲಗನ್ನು ಕೆಂಪಗೆ ಕಾಯಿಸಿ, ತಂತಿಗೆ ಕಟ್ಟಿದ ಅಯಸ್ಕಾಂತದ ಚೂರನ್ನು ಅದಕ್ಕೆ ತಾಗಿಸುತ್ತಿದ್ದರು. ಹಳೇ ರೇಡಿಯೋ ಸ್ಪೀಕರಿನಿಂದ ಕಿತ್ತ ಚೂರು ಅದು. ಕಚ್ಚಿಕೊಂಡರೆ ‘ಇನ್ನೂ ತಿದಿ ಒತ್ತೋ’ ಅನ್ನುತ್ತಿದ್ದರು. ಕಚ್ಚದೆ ಜಾರಿತೋ, ಮನಸ್ಸಿನಲ್ಲೇ ಹತ್ತು ಎಣಿಸಿ ಅಲಗನ್ನು ನೀರಿಗೆ ಇಳಿಸುತ್ತಿದ್ದರು. ‘ಹದ’ ಎಂಬ ಮಾತನ್ನು ನಾನು ಕಲಿತದ್ದು ಆ ಹಬೆಯಲ್ಲಿ.

ಮುಂದೆ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡುಗಳಲ್ಲಿ 27 ವರ್ಷ ಫರ್ನೇಸ್ ನೋಡಿಕೊಂಡೆ. ಅದಕ್ಕೂ ಮೊದಲು ಐಟಿಐನಲ್ಲಿ 727 ಡಿಗ್ರಿ ಎಂಬ ಅಂಕಿಯನ್ನು ಬಾಯಿಪಾಠ ಮಾಡಿ, ಗ್ರಾಫ್ ಬಿಡಿಸಿ ಪಾಸಾಗಿದ್ದೆ. ಆ ಅಂಕಿಗೂ ಅಪ್ಪನ ಅಯಸ್ಕಾಂತಕ್ಕೂ ನಂಟಿದೆ ಎಂದು ಒಬ್ಬರೂ ಹೇಳಲಿಲ್ಲ. ನಲವತ್ತು ದಾಟಿದ ಮೇಲೆ, ಮಗಳನ್ನು ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಓಪನ್ ಡೇಗೆ ಕರೆದುಕೊಂಡು ಹೋದಾಗ, ಅಲ್ಲಿನ ವಿದ್ಯಾರ್ಥಿಯೊಬ್ಬ ಹತ್ತು ನಿಮಿಷ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದ. ನನಗೆ ಕಣ್ಣು ತುಂಬಿ ಬಂತು.

ಶುದ್ಧ ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಕಾಂತಗುಣವನ್ನು ಬಿಟ್ಟುಕೊಡುತ್ತದೆ. ಅದರ ಪರಮಾಣುಗಳ ಜೋಡಣೆ ಬದಲಾಗುವುದು ಮಾತ್ರ 912ರಲ್ಲಿ. ಎರಡು ಬೇರೆ ಬೇರೆ ಸ್ಥಿತ್ಯಂತರಗಳು, ನಡುವೆ 142 ಡಿಗ್ರಿ ಅಂತರ. ಅದೇ ಕಬ್ಬಿಣಕ್ಕೆ ನೂರಕ್ಕೆ 0.8ರಷ್ಟು ಇಂಗಾಲ ಬೆರೆತು ಉಕ್ಕಾದರೆ, 727 ದಾಟುವಾಗ ಜೋಡಣೆಯೂ ಬದಲಾಗುತ್ತದೆ, ಅದರ ಜೊತೆಗೇ ಕಾಂತಗುಣವೂ ಹೋಗುತ್ತದೆ. ಅಪ್ಪ ಕಾಯುತ್ತಿದ್ದದ್ದು ಈ ಗಳಿಗೆಯನ್ನೇ. ಆಗ ಥಟ್ಟನೆ ನೀರಿಗಿಳಿಸಿದರೆ ಪರಮಾಣುಗಳಿಗೆ ಹಳೇ ಜಾಗ ಹಿಡಿಯಲು ಪುರುಸೊತ್ತು ಸಿಗುವುದಿಲ್ಲ. ಸಾಲುಸಾಲಾಗಿ ಓರೆಗೆ ಸರಿದು ಬಿಗಿದುಕೊಳ್ಳುತ್ತವೆ. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ನೆನಪಿಗೆ ಆ ರಚನೆಯನ್ನು ಮಾರ್ಟೆನ್ಸೈಟ್ ಎನ್ನುತ್ತಾರೆ.

ಇಂದು ವಿಜ್ಞಾನಿಗಳು ಬೆನ್ನು ಹತ್ತಿರುವ ನಿಕ್ಕಲ್–ಮ್ಯಾಂಗನೀಸ್–ಗ್ಯಾಲಿಯಂ ಮಿಶ್ರಲೋಹದ ಕಥೆಯೂ ಇದೇ. ಎರಡು ಪಾಲು ನಿಕ್ಕಲ್, ಒಂದೊಂದು ಪಾಲು ಉಳಿದೆರಡು. ಸುಮಾರು 103 ಡಿಗ್ರಿಯವರೆಗೆ ಅದಕ್ಕೆ ಕಾಂತಗುಣ ಇರುತ್ತದೆ. ಸೊನ್ನೆಗಿಂತ ಸುಮಾರು 71 ಡಿಗ್ರಿ ಕೆಳಗೆ ತಣಿಸಿದರೆ ಜೋಡಣೆ ಓರೆಯಾಗಿ ಮಾರ್ಟೆನ್ಸೈಟ್ ಆಗುತ್ತದೆ. ಮ್ಯಾಂಗನೀಸ್ ತುಸು ಕಡಿಮೆ ಮಾಡಿ ಆ ಜಾಗಕ್ಕೆ ನಿಕ್ಕಲ್ ಹಾಕುತ್ತಾ ಹೋದರೆ ಆ ಎರಡು ತಾಪಗಳು ಹತ್ತಿರ ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಉಕ್ಕಿಗೆ ಇಂಗಾಲ ಮಾಡುವ ಕೆಲಸವನ್ನು ನೆನಪಿಸುತ್ತದಲ್ಲವೇ? ಇನ್ನೊಂದು ಸೋಜಿಗವಿದೆ. ಹಲ್ಲಿನ ಕ್ಲಿಪ್ಪಿಗೆ ಹಾಕುವ ನಿಕ್ಕಲ್–ಟೈಟೇನಿಯಂ ತಂತಿ ಬಿಸಿ ತಾಗಿದಾಗ ತನ್ನ ಹಳೇ ಆಕಾರಕ್ಕೆ ಮರಳುತ್ತದೆ. ಗ್ಯಾಲಿಯಂ ಬೆರೆತ ಈ ಲೋಹದ ಹರಳಿಗಾದರೆ, ಮಾರ್ಟೆನ್ಸೈಟ್ ಸ್ಥಿತಿಯಲ್ಲಿ, ಆಕಾರ ಬದಲಿಸಲು ಕಾಂತಕ್ಷೇತ್ರ ಒಂದೇ ಸಾಕು. 1996ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಡ ಹಿಗ್ಗು ನೂರಕ್ಕೆ 0.2 ಮಾತ್ರ, ಕೆಲವೇ ವರ್ಷಗಳಲ್ಲಿ ಅದು 6ಕ್ಕೆ ಏರಿತು. ಅಂದರೆ ಹತ್ತು ಮಿಲಿಮೀಟರ್ ಕಡ್ಡಿ ಅರ್ಧ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಸೂಕ್ಷ್ಮ ಪಂಪು, ಕವಾಟ ಮಾಡುವವರಿಗೆ ಇದರ ಮೇಲೆ ಕಣ್ಣಿದೆ.

ಸ್ಥಿತ್ಯಂತರಗಳ ಈ ವಿದ್ಯೆ ನಮ್ಮ ಕಡೆಗೆ ಹೊಸದಲ್ಲ. ಯಶವಂತಪುರದ ಪಕ್ಕದ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಮತ್ತು ನೆಡುಂಗಾಡಿ ಕ್ವಾರ್ಟ್ಜ್ ಸ್ಫಟಿಕವನ್ನು ಕಾಯಿಸುತ್ತಾ, 573 ಡಿಗ್ರಿಯ ಸ್ಥಿತ್ಯಂತರ ಹತ್ತಿರವಾದಂತೆ ಅದು ಚದುರಿಸುವ ಬೆಳಕಿನ ಒಂದು ಗೆರೆ ಮಸುಕಾಗಿ ಸರಿಯುವುದನ್ನು 1940ರಲ್ಲೇ ವರದಿ ಮಾಡಿದರು. ಸಿ.ಎನ್.ಆರ್. ರಾವ್ ಮತ್ತು ಕೆ.ಜೆ. ರಾವ್ 1978ರಲ್ಲಿ ಘನವಸ್ತುಗಳ ಸ್ಥಿತ್ಯಂತರಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಕೇಂದ್ರ ಜಕ್ಕೂರಿನಲ್ಲಿದೆ, ನಮ್ಮ ಕುಲುಮೆಯಿಂದ ಸೈಕಲ್ಲಿನ ದೂರ.

ಇಷ್ಟು ಹತ್ತಿರವಿದ್ದೂ ಹೆಬ್ಬಾಳ, ಆರ್.ಟಿ. ನಗರದ ಪಿಯು ಹುಡುಗರು, ಐಟಿಐ ಹುಡುಗರು ಇದನ್ನು ಅಂಕಿಯಾಗಿಯೇ ಓದಬೇಕೇ? ಪ್ರತಿ ಪ್ರಯೋಗಾಲಯದಲ್ಲೂ ಒಂದು ಬರ್ನರ್, ಇಕ್ಕಳ, ಕನ್ನಡಕ, ಸವೆದ ಅರ, ಅಯಸ್ಕಾಂತ ಇಡಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡಿ. ಅಂಕವಿಲ್ಲದ ಪ್ರಯೋಗ ನಮ್ಮಲ್ಲಿ ಬೀರುವಿನಲ್ಲೇ ಉಳಿಯುತ್ತದೆ. ಸಂಶೋಧನಾ ಸಂಸ್ಥೆಗಳು ವರ್ಷದಲ್ಲಿ ಕೆಲವು ದಿನವಾದರೂ ತಮ್ಮ ವಿದ್ಯಾರ್ಥಿಗಳನ್ನು ಈ ಕಾಲೇಜುಗಳಿಗೆ ಕಳಿಸಲಿ, ಕನ್ನಡದಲ್ಲಿ ಮಾತಾಡಲು. ಜೊತೆಗೆ ಪೀಣ್ಯದ ಹದಗಾರರನ್ನೂ ಕರೆಯಲಿ. ನಾನು ಸಂಬಳ ಕೇಳದೆ ಬರುತ್ತೇನೆ.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಅರದ ತುಂಡು ಕಾಯಿಸಿ ತೋರಿಸಿದೆ. ಅಯಸ್ಕಾಂತ ಜಾರಿತು, ನೀರಿಗೆ ಹಾಕಿದೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಗಾಜಿನ ಹಾಗೆ ಮುರಿಯಿತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತಣ್ಣಗಾದ ಚೂರಿಗೆ ಮತ್ತೆ ಅಯಸ್ಕಾಂತ ಹಿಡಿದಳು. ಟಕ್ ಅಂತ ಕಚ್ಚಿಕೊಂಡಿತು. ‘ತಾತ, ಇದು ವಾಪಸ್ ಬಂತು, ಆದ್ರೆ ಹಳೇದು ಆಗ್ಲಿಲ್ಲ, ಯಾಕೆ?’ ಅಂದಳು. ಚೂರನ್ನು ಒಲೆಯ ಮೇಲೆ ಕಂದುಬಣ್ಣಕ್ಕೆ ಬರುವಷ್ಟು ಕಾಯಿಸಿ, ತಣಿಸಿ, ಮತ್ತೆ ಸುತ್ತಿಗೆ ಅವಳ ಕೈಗೇ ಕೊಟ್ಟೆ.