ಗ್ಲಾಸಿಗೆ ಮುನ್ನೂರು, ಹೊಲಕ್ಕೆ ಐದು!

ಬೆಂಗಳೂರಿನಲ್ಲಿ ಈಗ ಬಿಯರ್ ಕುಡಿಯುವುದಿಲ್ಲ, 'ಸವಿಯುತ್ತಾರೆ'. ಗಾಜಿನ ಗೋಡೆಯ ಆಚೆ ಮಿರಮಿರ ಮಿಂಚುವ ಸ್ಟೀಲ್ ಟ್ಯಾಂಕು, ಈಚೆ ಮೇಜು ಕುರ್ಚಿ. ಅಲ್ಲೇ ಬೇಯಿಸಿ, ಅಲ್ಲೇ ಹುಳಿಸಿ, ಅಲ್ಲೇ ನಲ್ಲಿ ತಿರುಗಿಸಿ ಕೊಡುತ್ತಾರೆ. ಶನಿವಾರ ಸಂಜೆ ಕಾಲಿಡಲು ಜಾಗವಿಲ್ಲ. ಒಂದು ಗ್ಲಾಸಿಗೆ ಸುಲಭವಾಗಿ ಮುನ್ನೂರು ರೂಪಾಯಿ ದಾಟುತ್ತದೆ, ತೆರಿಗೆ ಬೇರೆ.

ರಜೆಗೆಂದು ಹೊಳೆನರಸೀಪುರ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹುಡುಗರು ಈ ವೈಭವವನ್ನು ಬಾಯಿ ತುಂಬ ವರ್ಣಿಸುತ್ತಾರೆ. ಅದನ್ನು ಕೇಳಿದ ಹರದನಹಳ್ಳಿ ಕಡೆಯ ರೈತ ಎತ್ತಬಹುದಾದ ಪ್ರಶ್ನೆ ಒಂದೇ: "ಅದ್ರಾಗೆ ನಮ್ ರಾಗಿ ಎಷ್ಟು ಬಿತ್ತಪ್ಪಾ?"

ಪ್ರಶ್ನೆ ಸಣ್ಣದು. ಉತ್ತರ ಕೊಡಬೇಕಾದವರು ಮಾತ್ರ ಬಾಯಿ ಬಿಡುತ್ತಿಲ್ಲ.

ಹರದನಹಳ್ಳಿಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಚಾಮರಾಜನಗರದ ಕಡೆ ಇರುವ ಅದೇ ಹೆಸರಿನ ಊರಲ್ಲ, ಹೊಳೆನರಸೀಪುರ ತಾಲ್ಲೂಕಿನದು. 1933ರಲ್ಲಿ ಇಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದರು. ಇಲ್ಲೇ ಹುಟ್ಟಿದ ಅವರ ಮಗ ಎಚ್.ಡಿ. ಕುಮಾರಸ್ವಾಮಿ ಎರಡು ಸಲ ರಾಜ್ಯದ ಮುಖ್ಯಮಂತ್ರಿಯಾದರು. ರಾಜ್ಯದ ಹಳ್ಳಿಗಳಲ್ಲಿ ಸಾರಾಯಿ ನಿಂತದ್ದು ಅವರ ಮೊದಲ ಸಲದ ಆಡಳಿತದಲ್ಲೇ. ಹಾಗಾಗಿ ಕುಡಿತದ ಲೆಕ್ಕವನ್ನು ಈ ಊರಿನ ಕಟ್ಟೆಯ ಮೇಲೆ ಕೂತು ಮಾಡಿದರೆ ತಪ್ಪೇನಿಲ್ಲ.

ಸಣ್ಣ ಬಟ್ಟಿ, ದೊಡ್ಡ ಹೆಸರು

ಬೆಂಗಳೂರಿಗೆ ಬಿಯರ್ ಹೊಸದಲ್ಲ. ದಂಡಿನ ಸೋಲ್ಜರುಗಳಿಗಾಗಿ ಶುರುವಾದ ಬಟ್ಟಿಗಳೆಲ್ಲ ಸೇರಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಕಿಂಗ್‌ಫಿಷರ್ ಬಾಟಲಿ ಹಳ್ಳಿಹಳ್ಳಿಯ ಬಾರಿನ ಕಪಾಟು ಸೇರಿತು. ಹಾಸನದ ಕೈಗಾರಿಕಾ ಪ್ರದೇಶಕ್ಕೂ ಸೋಮ್ ಗುಂಪಿನ ವುಡ್‌ಪೆಕರ್ ಬಿಯರ್ ಕಾರ್ಖಾನೆ ಬಂತು. ಬಾಟಲಿಯ ಮೇಲಿನ ಹೆಸರುಗಳು ಹಂಟರ್, ಬ್ಲ್ಯಾಕ್ ಫೋರ್ಟ್. ಇದಕ್ಕೆಲ್ಲ ಬಾರ್ಲಿ ಬೇಕು. ಬಾರ್ಲಿ ಈ ಜಿಲ್ಲೆಯ ಬೆಳೆಯಲ್ಲ.

ಈಗಿನ 'ಕ್ರಾಫ್ಟ್ ಬಿಯರ್' ಬೇರೆ ಜಾತಿ. 2010-11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ ಶುರುವಾದವು. 2012ರಲ್ಲಿ ಅಮೆರಿಕದ ಆನ್ ಆರ್ಬರ್ ಊರಿನ ಹೆಸರು ಹೊತ್ತ ಆರ್ಬರ್ ಬಂತು. ಆಮೇಲೆ ಅಣಬೆ ಎದ್ದಂತೆ ಎದ್ದು ಬೆಂಗಳೂರಿನಲ್ಲೇ ಸಣ್ಣ ಬಟ್ಟಿಗಳ ಸಂಖ್ಯೆ ಎಪ್ಪತ್ತನ್ನು ದಾಟಿತು. ಮಂಗಳೂರಿಗೂ ಕಾಲಿಟ್ಟಿತು. ಮಾವಿನ ಕಾಲಕ್ಕೆ ಮಾವಿನ ಬಿಯರ್, ಕಾಫಿ ಹಾಕಿದ ಕಪ್ಪು ಬಿಯರ್, ಬೆಲ್ಲದ್ದೊಂದು, ಕೋಕಂದೊಂದು. 'ಸ್ಥಳೀಯ' ಎಂಬ ಮಾತಿಗೆ ಅಲ್ಲಿ ಭಾರೀ ಬೆಲೆ.

ಆದರೆ ಗ್ಲಾಸಿನ ತಳ ನೋಡಿದರೆ ಸ್ಥಳೀಯವಾದದ್ದು ನೀರು ಮತ್ತು ಒಗ್ಗರಣೆ ಮಾತ್ರ! ಮುಖ್ಯ ಕಾಳು ಬಾರ್ಲಿ, ಅದು ರಾಜಸ್ಥಾನದ ಕಡೆಯದು ಇಲ್ಲವೇ ಹಡಗಿನಲ್ಲಿ ಬಂದದ್ದು. ಕಹಿ ಕೊಡುವ ಹಾಪ್ಸ್ ಹೂವು ಹೆಚ್ಚಾಗಿ ಜರ್ಮನಿ, ಅಮೆರಿಕದ್ದು. ಕೆಲವು ಬಟ್ಟಿಯವರು ರಾಗಿ ಹಾಕಿ ನೋಡಿದ್ದುಂಟು. ಅದು ಹಬ್ಬಕ್ಕೊಂದು ಹೋಳಿಗೆ, ನಿತ್ಯದ ಊಟವಲ್ಲ.

ಮೊಳಕೆ ಕಟ್ಟುವುದು ಯಾರಿಗೆ ಗೊತ್ತಿಲ್ಲ?

ಬಿಯರಿನ ಗುಟ್ಟು ಮಹಾ ವಿದ್ಯೆಯೇನಲ್ಲ. ಕಾಳನ್ನು ನೆನೆಹಾಕಬೇಕು, ಮೊಳಕೆ ಬರಿಸಬೇಕು, ಒಣಗಿಸಬೇಕು. ಇದಕ್ಕೆ ಇಂಗ್ಲಿಷಿನವರು ಮಾಲ್ಟ್ ಎನ್ನುತ್ತಾರೆ. ಮೊಳಕೆ ಒಡೆಯುವಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುವ ಶಕ್ತಿ ಪಡೆಯುತ್ತದೆ. ಅದನ್ನು ಒಡೆದು ಬಿಸಿನೀರಿನಲ್ಲಿ ಕಲಸಿ, ಸೋಸಿ, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಎರಡು ಮೂರು ವಾರ ಬಿಟ್ಟರೆ ಬಿಯರ್. ಉಳಿದ ಗಸಿ ಹಸುವಿಗೆ ಬೂಸಾ.

ಇದರಲ್ಲಿ ಅರ್ಧ ಕೆಲಸ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ಅಜ್ಜಿಗೆ ಬರುವುದಿಲ್ಲ? ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮಗುವಿಗೆ ಕೊಡುವ ಮೊಳಕೆ ರಾಗಿ ಹಿಟ್ಟು ಮಾಲ್ಟಲ್ಲದೆ ಮತ್ತೇನು? ಮೈಸೂರಿನ ಆಹಾರ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷೆ ಮಾಡಿ, ರಾಗಿ ಒಳ್ಳೆ ಮಾಲ್ಟ್ ಕೊಡುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ.

ರಾಗಿಯ ಬಿಯರ್ ಕೂಡ ಕಟ್ಟುಕತೆಯಲ್ಲ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹುಳಿಸಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ, ತೋಂಗ್ಬಾ ಅಂತ ಹೆಸರು. ಉಗಾಂಡಾ, ಕೀನ್ಯಾ ದೇಶಗಳಲ್ಲಿ ತಲೆತಲಾಂತರದಿಂದ ರಾಗಿಯ ಬಿಯರ್ ಮಾಡುತ್ತ ಬಂದಿದ್ದಾರೆ. ರಾಗಿಯ ತವರೇ ಪೂರ್ವ ಆಫ್ರಿಕ. ಇನ್ನೊಂದು ಸ್ವಾರಸ್ಯ ಕೇಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿ ವಿಜ್ಞಾನಿ 1970ರ ದಶಕದಲ್ಲಿ ಕೊಟ್ಟ 'ಇಂಡಾಫ್' ತಳಿಗಳು ಇಂಡಿಯಾ ಮತ್ತು ಆಫ್ರಿಕದ ರಾಗಿಗಳ ಸಂಕರ. ಹೆಸರಿನಲ್ಲೇ ಎರಡೂ ಇವೆ. ಈ ಸೀಮೆಯ ಕಣಗಳನ್ನು ತುಂಬಿಸಿದ ಇಂಡಾಫ್ ರಾಗಿಗೆ ಬಿಯರಿನ ನಾಡಿನ ನೆಂಟಸ್ತಿಕೆ ಹುಟ್ಟಿನಿಂದಲೇ ಇದೆ ಎಂದಾಯಿತು.

ಮರ ರೈತನದು, ಹಕ್ಕು ಸರಕಾರದ್ದು

ಇಷ್ಟಿದ್ದೂ ಹಳ್ಳಿಯ ಪಾನಕ್ಕೆ ಒಂದು ನ್ಯಾಯ, ಪಟ್ಟಣದ ಪಾನಕ್ಕೆ ಇನ್ನೊಂದು ನ್ಯಾಯ.

ತೆಂಗಿಗೆ ನುಸಿರೋಗ ಬಡಿದು ರೈತ ಸೋತಿದ್ದಾಗ, ಅಮಲಿಲ್ಲದ ನೀರಾ ಇಳಿಸಲು ಬಿಡಿ ಎಂದು ಕೇಳಿದ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಅದಕ್ಕೆ ಸಿಕ್ಕ ಉತ್ತರ ಪೊಲೀಸರ ಗುಂಡು. ರೈತರು ಸತ್ತರು. ನೀರಾಕ್ಕೆ ಕಾನೂನು ದಾರಿ ಬಿಡಲು ಆಮೇಲೆ ಸುಮಾರು ಹದಿನೈದು ವರ್ಷ ಹಿಡಿಯಿತು.

2004ರಲ್ಲಿ ಸೇಂದಿ ನಿಂತಿತು. ಕರಾವಳಿಗೆ ರಿಯಾಯಿತಿ, ಬಯಲುಸೀಮೆಗೆ ಇಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆಗ ಕುಮಾರಸ್ವಾಮಿ ಮುಖ್ಯಮಂತ್ರಿ, ಬಜೆಟ್ ಓದಿದವರು ಬಿ.ಎಸ್. ಯಡಿಯೂರಪ್ಪ. ಸಾರಾಯಿ ನಿಲ್ಲಿಸಿದ್ದು ಸರಿಯೇ. ಪಾಕೀಟು ಸಾರಾಯಿ ಎಷ್ಟು ಮನೆ ಹಾಳು ಮಾಡಿತ್ತೆಂದು ಹೆಂಗಸರನ್ನು ಕೇಳಬೇಕು. ಆದರೆ ಪಾಕೀಟು ಹೋದ ಜಾಗಕ್ಕೆ ಬಂದದ್ದೇನು? ಅಗ್ಗದ ವಿಸ್ಕಿ, ರಮ್ಮು, ಬ್ರಾಂದಿ. ಸರಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಯಲ್ಲೇ ಅವು ಕೂತವು. ಹಾವು ಹೋಯಿತು ಎಂದುಕೊಂಡರೆ ಹುತ್ತ ಬದಲಾಗಿತ್ತು ಅಷ್ಟೆ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಇನ್ನೂರು ಕಿಲೋಮೀಟರ್ ನಡೆದು ಮದ್ಯ ನಿಲ್ಲಿಸಿ ಎಂದರು. ಆಗಲೂ ಮುಖ್ಯಮಂತ್ರಿ ಹರದನಹಳ್ಳಿಯವರೇ. ಸಾರಾಯಿ ನಿಲ್ಲಿಸಿದ್ದವರು ಮದ್ಯ ನಿಲ್ಲಿಸಲಿಲ್ಲ. ಬೊಕ್ಕಸದ ಬಾಯಿ ದೊಡ್ಡದು, ಯಾವ ಪಕ್ಷದ ಸರಕಾರ ಬಂದರೂ ಅದು ಮುಚ್ಚುವುದಿಲ್ಲ. 2023ರಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೆ ಏರಿತು, 2025ರಲ್ಲಿ ಮತ್ತೆ ಏರಿತು. ಕುಡಿಯುವವನ ಜೇಬಿಂದ ಹೋದ ಹಣ ಸರಕಾರಕ್ಕೆ ಬಂತು, ಕಂಪನಿಗೆ ಬಂತು, ಬಾರಿಗೆ ಬಂತು. ಕಾಳು ಬೆಳೆಯುವವನ ಮನೆ ಬಾಗಿಲಿಗೆ ಮಾತ್ರ ಬರಲಿಲ್ಲ.

ಅಂಗಡಿ ಲೆಕ್ಕ

ಈಗ ತಕ್ಕಡಿ ಹಿಡಿದು ನೋಡೋಣ. ಅರ್ಧ ಲೀಟರ್ ಬಿಯರಿಗೆ ಬೇಕಾಗುವ ಕಾಳು ಸುಮಾರು 100 ಗ್ರಾಂ. 2025-26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಗ್ಲಾಸಿನ ಕಾಳೆಲ್ಲ ರಾಗಿಯೇ ಆದರೂ ಹೊಲಕ್ಕೆ ಸಿಗುವುದು ಐದು ರೂಪಾಯಿಗೆ ಹನ್ನೊಂದು ಪೈಸೆ ಕಮ್ಮಿ! ಬಾರ್ಲಿಯ ಜತೆ ಕಾಲು ಭಾಗ ರಾಗಿ ಬೆರೆಸಿದರೆ ಒಂದೂಕಾಲು ರೂಪಾಯಿ. ಮೇಜಿನ ಮೇಲೆ ಬಿಲ್ಲು ಮುನ್ನೂರು.

ಆದ್ದರಿಂದ "ರಾಗಿ ಬಿಯರ್ ಬಂದರೆ ರೈತ ಉದ್ಧಾರ" ಎಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದಾಗಲೂ ಭಾಷಣಕ್ಕೇನೂ ಬರ ಇರಲಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಕರ್ನಾಟಕದ ರೈತ ಮಾತ್ರ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವುದು ತಪ್ಪಿಲ್ಲ.

ಬರೀ ರಾಗಿ ಮಾರಿದರೆ ಗಿಟ್ಟುವುದಿಲ್ಲ, ಮೊಳಕೆ ಮಾರಿದರೆ ಗಿಟ್ಟುತ್ತದೆ. ಇದು ದಿನಸಿ ಅಂಗಡಿಯ ಎಲ್ಲರಿಗೂ ಗೊತ್ತಿರುವ ಸತ್ಯ. ಮೂಟೆಯ ರಾಗಿಗೊಂದು ಬೆಲೆ, ಪೊಟ್ಟಣದ ಮೊಳಕೆ ರಾಗಿ ಹಿಟ್ಟಿಗೆ ಅದರ ಎರಡು ಮೂರು ಪಟ್ಟು. ನಡುವಿನ ಆ ದುಡ್ಡು ಹೊಳೆನರಸೀಪುರ ತಾಲ್ಲೂಕಿನಲ್ಲಿ ಉಳಿಯಬೇಕು ಎಂಬುದೇ ಇಲ್ಲಿನ ಮಾತು.

ಬಾರಿಗೆ ಮೊದಲು ಮೊಳಕೆ ಮನೆ

ಆಗಬೇಕಾದ್ದು ಇಷ್ಟು. ಹರದನಹಳ್ಳಿ ಸುತ್ತಮುತ್ತ, ಹೊಳೆನರಸೀಪುರದ ರೈಲು ನಿಲ್ದಾಣ ಬಸ್ ರಸ್ತೆ ಎರಡಕ್ಕೂ ಹತ್ತಿರವಾಗುವ ಕಡೆ, ರೈತರ ಸಹಕಾರ ಸಂಘದ ಹೆಸರಿನಲ್ಲಿ ಒಂದು ಮೊಳಕೆ ಮನೆ. ನೆನೆಸುವ ತೊಟ್ಟಿ, ಮೊಳಕೆ ಹಾಸು, ಒಣಗಿಸುವ ಯಂತ್ರ. ಹಾಲಿನ ಡೈರಿ ನಡೆಸಿ ಪಳಗಿದ ಜಿಲ್ಲೆಗೆ ಇದು ಹೊತ್ತುಕೊಳ್ಳಲಾಗದ ಹೊರೆಯಲ್ಲ.

ಅದರ ಮೊದಲ ಗಿರಾಕಿ ಮಗು. 2024ರಲ್ಲಿ ಸರಕಾರಿ ಶಾಲೆ ಮಕ್ಕಳಿಗೆ ಹಾಲಿನ ಜತೆ ರಾಗಿ ಮಿಶ್ರಣ ಕೊಡುವ ಕೆಲಸ ಶುರುವಾಯಿತು. ಈ ಜಿಲ್ಲೆಯ ಮಕ್ಕಳ ಲೋಟಕ್ಕೆ ಈ ಜಿಲ್ಲೆಯ ಮೊಳಕೆಯೇ ಬೀಳಲಿ. ಎರಡನೇ ಗಿರಾಕಿ ದಿನಸಿ ಅಂಗಡಿ. ಮೂರನೆಯವನು ಬೆಂಗಳೂರಿನ ಬಟ್ಟಿಯವನು. 'ಸ್ಥಳೀಯ' ಎಂದು ಬೋರ್ಡು ಹಾಕಿ ಮುನ್ನೂರು ವಸೂಲು ಮಾಡುವವನು ಇಂತಿಷ್ಟು ಪಾಲು ರಾಜ್ಯದ ಕಾಳಿನ ಮಾಲ್ಟ್ ಕೊಳ್ಳಲೇಬೇಕು ಎಂದು ಲೈಸೆನ್ಸಿನಲ್ಲೇ ಷರತ್ತು ಹಾಕಲಿ. ಅಷ್ಟು ಕೊಂಡವನಿಗೆ ಬೇಕಾದರೆ ಸುಂಕದಲ್ಲಿ ನಾಲ್ಕು ಕಾಸು ಬಿಡಲಿ.

ಹಾಸನಕ್ಕೂ ಒಂದು ಸಣ್ಣ ಬಟ್ಟಿ ಬೇಕು ಎಂದು ನಾಳೆ ಯಾರಾದರೂ ಅರ್ಜಿ ಹಿಡಿದು ಬರುತ್ತಾರೆ, ಅನುಮಾನ ಬೇಡ. ಬರಲಿ. ಆದರೆ ಶಾಲೆ, ಗುಡಿ, ಬಸ್ ಸ್ಟ್ಯಾಂಡಿನ ಪಕ್ಕ ಅಲ್ಲ. ತೊಳೆದ ನೀರು ಹೇಮಾವತಿಗೆ ಅಲ್ಲ. ಗಸಿ ಸುತ್ತಲಿನ ಹಸುಗಳಿಗೆ ಸಲ್ಲಬೇಕು. ಎಲ್ಲಕ್ಕಿಂತ ಮೊದಲು ಆ ವಾರ್ಡಿನ ಹೆಂಗಸರ ಸಭೆ ಕರೆದು ಕೇಳಬೇಕು. ಅವರು ಬೇಡ ಎಂದರೆ ಬೇಡ. ಸಂಬಳದ ದಿನ ಗಂಡನ ದಾರಿ ಕಾಯುವವರು ಅವರು, ಅಬಕಾರಿ ಸಾಹೇಬರಲ್ಲ.

ಅವರು ಬೇಡ ಎಂದರೂ ಮೊಳಕೆ ಮನೆಗೇನೂ ನಷ್ಟವಿಲ್ಲ. ಮಕ್ಕಳ ಲೋಟ ಇದ್ದೇ ಇದೆ.

ಹಳ್ಳಿಯವ ತನ್ನ ಮರದಿಂದ ಇಳಿಸಿದರೆ ಕಳ್ಳಬಟ್ಟಿ, ಪಟ್ಟಣದವ ಗಾಜಿನ ಮನೆಯಲ್ಲಿ ಹುಳಿಸಿದರೆ ಕಲೆ ಎಂಬ ಲೆಕ್ಕ ಎಷ್ಟು ದಿನ ನಡೆದೀತು? ಪ್ರಧಾನಿ, ಮುಖ್ಯಮಂತ್ರಿ ಇಬ್ಬರನ್ನೂ ಕೊಟ್ಟ ಊರು ಒಂದು ಮೊಳಕೆ ಮನೆ ಕೇಳಿದರೆ ದುಬಾರಿಯೇ? ಸಂಬಂಧಪಟ್ಟವರು ಉತ್ತರ ಹೇಳಲಿ. ಮುಂದಿನ ಸುಗ್ಗಿಯ ರಾಗಿ ಮೂಟೆ ಬಸ್ಸಿನ ಟಾಪು ಹತ್ತುವುದರೊಳಗೆ ಹೇಳಿದರೆ ಇನ್ನೂ ಒಳ್ಳೆಯದು.